ಊರ ಕೆಲಸಕ್ಕ ಸರ್ಕಾರದ ರೊಕ್ಕ ತರೂದು ಹೆಂಗ? ಬೆಳಗಾವಿ, ಬಾಗಲಕೋಟಿ, ವಿಜಯಪುರ ಕಡೆಯವರಿಗೆ

ನಮ್ಮ ಕಡೆ ಊರಾಗ ಗಟಾರ ಆಗ್ಲಿ, ಸಮುದಾಯ ಭವನ ಆಗ್ಲಿ, ಮಹಿಳಾ ಸಂಘಕ್ಕ ಒಂದು ಶೆಡ್ ಆಗ್ಲಿ, ಏನರ ಬೇಕಾತಂದ್ರ ಮೊದಲ ಬರೋ ಮಾತು "ಶಾಸಕರನ್ನ ಭೆಟ್ಟಿ ಆಗೂಣು ನಡೀರಿ". ಭೆಟ್ಟಿ ಆಗ್ರಿ, ತಪ್ಪೇನಿಲ್ಲ, ಆದ್ರ ಬರಿಗೈಲೆ ಹೋದ್ರ ಹಾರ ಹಾಕಿ ಫೋಟೋ ತೆಗಿಸಿಕೊಂಡು ಪಿಎ ಕೈಯಾಗ ಅರ್ಜಿ ಕೊಟ್ಟು ಬರೂದಷ್ಟ ಆಗ್ತೈತಿ, ಮುಂದಿನ ವರ್ಷ ಮತ್ತ ಅದ ಅರ್ಜಿ, ಅದ ಮಾತು. ರೊಕ್ಕ ಇಲ್ಲ ಅಂತಲ್ಲ ನೋಡ್ರಿ. ರೊಕ್ಕ ಬ್ಯಾರೆ ಬ್ಯಾರೆ ಹೆಡ್ಡಿನ್ಯಾಗ (ಲೆಕ್ಕದ ಬಾಬತ್ತಿನ್ಯಾಗ) ಐತಿ, ಒಂದೊಂದು ಹೆಡ್ಡಿಗೆ ಒಂದೊಂದು ನಿಯಮ ಐತಿ, ಮತ್ತ ಯಾವ ಊರವರು ಜಾಗಾದ ಉತಾರ, ಗ್ರಾಮಸಭೆ ಠರಾವು, ಇಂಜಿನಿಯರ್ ಎಸ್ಟಿಮೇಟ್ ಈ ಮೂರು ಕಾಗದ ಮೊದಲ ರೆಡಿ ಮಾಡಿ ಇಟ್ಕೊಂಡಿರ್ತಾರೋ ಆ ಊರಿಗೆ ಕೆಲಸ ಬರ್ತೈತಿ. ವರ್ಷದ ಕಡೀಗೆ ಅನುದಾನ ಉಳದೈತಿ, ಯಾವ ಊರಿಂದ ಫೈಲ್ ತಯಾರ ಐತಿ ಅಂತ ಕೇಳಿದಾಗ ಕೈ ಎತ್ತೋರು ಇವರ.

ಒಂದು ಗೊಂದಲ ಮೊದಲ ಬಿಡಿಸಿಬಿಡೂಣು. ಭಾಳ ಮಂದಿ "ಕೆಕೆಆರ್‌ಡಿಬಿ ರೊಕ್ಕ ನಮ್ಮೂರಿಗೆ ಯಾಕ ಬರ್ಲಿಲ್ಲ" ಅಂತ ಕೇಳ್ತಾರ. ಅದು ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ, ಸಂವಿಧಾನದ 371ಜೆ ಅಡಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರ, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಗೆ ಅಷ್ಟ. ನಮ್ಮ ಮೂರೂ ಜಿಲ್ಲೆ ಕಿತ್ತೂರು ಕರ್ನಾಟಕದಾಗ ಬರ್ತಾವ, 2021ರಾಗ ಮುಂಬೈ ಕರ್ನಾಟಕ ಅನ್ನೋ ಹೆಸರು ಬದಲಾಗಿ ಕಿತ್ತೂರು ಕರ್ನಾಟಕ ಆತು, ಆದ್ರ 371ಜೆ ನಮಗ ಬರಲಿಲ್ಲ. ಸಿಂದಗಿ, ತಾಳಿಕೋಟಿ ಕಡೆ ಇರೋರಿಗೆ ಬಾಜೂಕಿನ ಜಿಲ್ಲೆ ಊರಾಗ ಆ ಬೋರ್ಡು ಕಾಣ್ತೈತಿ, ಹಂಗಾಗಿ ಆಸೆ ಹುಟ್ಟೂದು ಸಹಜ, ಆದ್ರ ಆ ಮಂಡಳಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ದಾರಿ ನೋಡಬ್ಯಾಡ್ರಿ. ನಮಗ ಬ್ಯಾರೆ ದಾರಿ ಅದಾವ.

ಮೊದಲ ಜಾಗಾ, ಆಮ್ಯಾಲ ಬಾಕಿ ಎಲ್ಲಾ

ಜಾಗಾದ ತಕರಾರಿನಿಂದ ವಾಪಸ್ ಹೋಗೋ ಅನುದಾನ ಕಂಡ್ರ ನಂಗ ಭಾಳ ಹೊಟ್ಟಿ ಉರೀತೈತಿ, ಯಾಕಂದ್ರ ಅದನ್ನ ತಪ್ಪಸಾಕ ರೊಕ್ಕ ಬೇಕಾಗಿಲ್ಲ, ಮೊದಲ ಕುಂತು ಮಾತಾಡಿದ್ರ ಸಾಕು. ನೀವು ಕಟ್ಟಬೇಕು ಅಂತಿರೋ ಜಾಗಾ ಯಾರ ಹೆಸರ್ಲೆ ಐತಿ ಅಂತ ತಲಾಠಿ ಕಡೆ ಉತಾರ ತೆಗಿಸಿ ನೋಡ್ರಿ. ಗಾಂವಠಾಣದಾಗ (ಊರ ವಸತಿ ಜಾಗಾದಾಗ) ಇದ್ರ ಪಂಚಾಯ್ತಿ ಆಸ್ತಿ ರಜಿಸ್ಟರ್ ನೋಡ್ರಿ. ಗಾಯರಾಣ ಇದ್ರ ಅದು ಸರ್ಕಾರದ ಜಾಗಾ, ದನಕ್ಕ ಮೀಸಲಿಟ್ಟದ್ದು, ತಹಶೀಲ್ದಾರ ಆಫೀಸಿನಿಂದ ಮೇಲಿನ ಮಂಜೂರಿ ಇಲ್ದ ಅಲ್ಲಿ ಕಟ್ಟಂಗಿಲ್ಲ, "ಎಲ್ಲಾರೂ ಕಟ್ಯಾರ" ಅನ್ನೋ ಮಾತು ಫೈಲಿನ್ಯಾಗ ನಡ್ಯೂದಿಲ್ಲ. ಯಾರರ ಹಿರ್ಯಾರು ಊರಿಗೆ ಅಂತ ಎರಡು ಗುಂಟೆ ಬಿಟ್ಟುಕೊಟ್ಟಿದ್ರ ಬಾಯಿ ಮಾತಿಗೆ ಬಿಡಬ್ಯಾಡ್ರಿ, ಅವರು ಇರೂತನಾನ ಪಂಚಾಯ್ತಿ ಹೆಸರಿಗೆ ದಾನಪತ್ರ ಸಬ್ ರಜಿಸ್ಟ್ರಾರ ಆಫೀಸಿನ್ಯಾಗ ನೋಂದಣಿ ಮಾಡಿಸ್ರಿ. ಮುಂದ ಮಕ್ಕಳು, ಮೊಮ್ಮಕ್ಕಳು "ನಮ್ಮಪ್ಪ ಕೊಟ್ಟೇ ಇಲ್ಲ" ಅಂದ್ರ ಕಟ್ಟಡ ಪ್ಲಿಂತ್ ಮಟ್ಟಕ್ಕ ನಿಂತುಬಿಡ್ತೈತಿ.

ಬಾಗಲಕೋಟಿ ಜಿಲ್ಲೆಯವರಿಗೆ, ಅದರಾಗೂ ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದ ಪುನರ್ವಸತಿ ಕೇಂದ್ರದಾಗ ಇರೋರಿಗೆ ಇನ್ನೊಂದು ಮಾತು. ನಿಮ್ಮ ಪುನರ್ವಸತಿ ಕೇಂದ್ರದ ರಸ್ತೆ, ಗಟಾರ, ಖಾಲಿ ನಿವೇಶನ ಎಲ್ಲಾ ಪಂಚಾಯ್ತಿಗೆ ಹಸ್ತಾಂತರ ಆಗ್ಯಾವೋ ಇಲ್ಲಾ ಇನ್ನೂ ಯುಕೆಪಿ (ಕೃಷ್ಣಾ ಮೇಲ್ದಂಡೆ ಯೋಜನೆ) ಕೈಯಾಗ ಅದಾವೋ ಅಂತ ಬರವಣಿಗೆಯೊಳಗ ಕೇಳ್ಕೊಳ್ರಿ. ಅದು ಗೊತ್ತಾಗದಿದ್ರ ಪಂಚಾಯ್ತಿಯವರು ಅತ್ಲಾಗ ತೋರಸ್ತಾರ, ಯುಕೆಪಿಯವರು ಇತ್ಲಾಗ ತೋರಸ್ತಾರ, ನೀವು ನಡುವ ಓಡಾಡ್ತೀರಿ.

ಠರಾವು ಬರ್ಸೂದು ಒಂದು ಕಲೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993 ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆರ ಆಗಾಕಬೇಕು, ಕೋರಂ ಅಂದ್ರ ಮತದಾರರ ಹತ್ತರಾಗ ಒಂದು ಪಾಲು ಇಲ್ಲಾ 100 ಮಂದಿ, ಯಾವುದು ಕಡಿಮಿನೋ ಅದು. ಅದಕ್ಕೂ ಮೊದಲ ವಾರ್ಡ್ ಸಭೆ ಆಗಿರಬೇಕು, ಅಲ್ಲಿಂದ ಬಂದ ಬೇಡಿಕೆನ ಗ್ರಾಮಸಭೆಗೆ ಏರೂದು. ಅಕ್ಟೋಬರ್‌ದಿಂದ ಮುಂದ ಬರೋ ವರ್ಷದ ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆ, ಜಿಪಿಡಿಪಿ ಅಂತಾರಲ್ಲ, ಅದರ ಸಭೆಗಳು ಶುರು ಆಗ್ತಾವ. ಆ ಯೋಜನೆಯೊಳಗ ನಿಮ್ಮ ಕೆಲಸ ಸೇರಿ ಇ-ಗ್ರಾಮ ಸ್ವರಾಜ್ ಪೋರ್ಟಲ್‌ಗೆ ಏರದಿದ್ರ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಎಷ್ಟ ಒಳ್ಳೆಯವರಿದ್ರೂ ಮುಂದಿನ ವರ್ಷ ಹಣಕಾಸು ಆಯೋಗದ ಅನುದಾನದಾಗ ಅದಕ್ಕ ಖರ್ಚು ಹಾಕಾಕ ಬರೂದಿಲ್ಲ. ಹಂಗಾಗಿ ಸುಗ್ಗಿ ಐತಿ, ಕಬ್ಬು ಕಡ್ಯಾಕ ಗ್ಯಾಂಗ್ ಬಂದೈತಿ ಅಂತ ಈ ಸಭೆ ಬಿಡಬ್ಯಾಡ್ರಿ, ಮನಿಗೊಬ್ಬರರ ಹೋಗ್ರಿ, ಹೆಣ್ಮಕ್ಕಳನ್ನ ಕರ್ಕೊಂಡ ಹೋಗ್ರಿ, ಯಾಕಂದ್ರ ನೀರು, ಶೌಚಾಲಯ, ಗಟಾರದ ಮಾತು ಅವರು ಹೇಳಿದಂಗ ಗಂಡಸರು ಹೇಳೂದಿಲ್ಲ.

ಸಭೆಯೊಳಗ ಕೂಗಾಡಿ ಎದ್ದು ಬರೂದಲ್ಲ, ನಡಾವಳಿ ಪುಸ್ತಕದಾಗ ಏನು ಬರದ್ರು ಅದನ್ನ ನೋಡಿ ಬರಬೇಕು. "ಸದರಿ ಗ್ರಾಮದಲ್ಲಿ ಮೂಲಭೂತ ಸೌಕರ್ಯ ಕಲ್ಪಿಸಲು ಠರಾಯಿಸಲಾಯಿತು" ಅಂತ ಬರದಿದ್ರ ಅದರಿಂದ ಏನೂ ಹುಟ್ಟೂದಿಲ್ಲ. ಹಿಂಗ ಬರ್ಸ್ರಿ: "ವಾರ್ಡ್ ನಂ. 3ರಲ್ಲಿ ಹನಮಂತ ದೇವರ ಗುಡಿ ಹಿಂದಿನ ಕೊಳವೆಬಾವಿಯಿಂದ ಕನ್ನಡ ಶಾಲೆಯ ಕಂಪೌಂಡ್‌ವರೆಗೆ ಸುಮಾರು 120 ಮೀಟರ್ ಮುಚ್ಚಿದ ಗಟಾರ ನಿರ್ಮಿಸಲು, ಸದರಿ ಜಾಗ ಪಂಚಾಯತಿ ಒಡೆತನದಲ್ಲಿದ್ದು ಯಾವುದೇ ತಕರಾರು ಇರುವುದಿಲ್ಲವೆಂದು ಖಾತ್ರಿಪಡಿಸಿ, ಲಭ್ಯವಿರುವ ಯಾವುದೇ ಅನುದಾನದಲ್ಲಿ ಕೈಗೊಳ್ಳಲು ಸರ್ವಾನುಮತದಿಂದ ಠರಾಯಿಸಲಾಯಿತು." ಎಲ್ಲಿಂದ ಎಲ್ಲೀತನಾ, ಎಷ್ಟು ಉದ್ದ, ಜಾಗಾ ಯಾರದು, ತಕರಾರು ಇಲ್ಲ, ಯಾವ ಅನುದಾನ. ಆ ಕಡೀ ಮಾತು, "ಲಭ್ಯವಿರುವ ಯಾವುದೇ ಅನುದಾನದಲ್ಲಿ" ಅನ್ನೂದು, ಭಾಳ ಕೆಲಸಕ್ಕ ಬರ್ತೈತಿ, ಯಾಕಂದ್ರ ಅದ ಠರಾವನ್ನ ನಾಳೆ ಶಾಸಕರ ಕಡೆನೂ ಒಯ್ಯಬಹುದು, ಸಂಸದರ ಕಡೆನೂ ಒಯ್ಯಬಹುದು. ಸೂಚಕರು, ಅನುಮೋದಕರು ಹೆಸರು ಬರಸ್ರಿ, ಆಮ್ಯಾಲ ಪಿಡಿಒ ಸಹಿ ಸಿಕ್ಕಾ ಇರೋ ದೃಢೀಕೃತ ನಕಲು ಒಂದಲ್ಲ, ನಾಕೈದು ತಗೊಂಡು ಇಟ್ಕೊಳ್ರಿ.

ಎಸ್ಟಿಮೇಟ್‌ದಾಗ ಎಷ್ಟು ಕೆಲಸಕ್ಕ ಉಳೀತೈತಿ

ಎಸ್ಟಿಮೇಟ್ ಮಾಡೋರು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ ಜೆಇ (ಜೂನಿಯರ್ ಇಂಜಿನಿಯರ್). ಅವರಿಗೆ ಊರು ಭಾಳ ಇರ್ತಾವ, ಸಿಟ್ಟಿಗೇಳಬ್ಯಾಡ್ರಿ, ಬರೋ ದಿನ ಫೋನ್ ಮಾಡಿ ತಿಳ್ಕೊಂಡು ಜಾಗಾದ ಮ್ಯಾಲ ನಿಮ್ಮವರು ಇಬ್ಬರು ಟೇಪ್ ಹಿಡ್ಯಾಕ ನಿಂತಿರ್ರಿ. ನೀರು ಯಾವ ಕಡೆ ಹರಿತೈತಿ, ಮಳಿಗಾಲದಾಗ ಎಲ್ಲಿತನಾ ನಿಲ್ತೈತಿ ಅನ್ನೂದು ಅವರಿಗೆ ಬ್ಯಾಸಗ್ಯಾಗ ಬಂದ್ರ ಗೊತ್ತಾಗೂದಿಲ್ಲ, ನೀವ ತೋರಸಬೇಕು. ಎಸ್‌ಆರ್ ದರದ (ಸರ್ಕಾರದ ದರಪಟ್ಟಿ) ಪ್ರಕಾರ ಲೆಕ್ಕ ಹಾಕಿ ಅದರ ಮ್ಯಾಲ ಜಿಎಸ್‌ಟಿ 18%, ಕಾರ್ಮಿಕ ಕಲ್ಯಾಣ ಸೆಸ್ 1% ಸೇರಿಸ್ತಾರ. ಅಂದ್ರ 10 ಲಕ್ಷ ಮಂಜೂರಾತು ಅಂತ ಊರಾಗ ಡಂಗುರ ಸಾರಿದ್ರೂ ಜಿಎಸ್‌ಟಿ ತಗದ್ರ ಕೆಲಸಕ್ಕ ಸಿಗೂದು ಸುಮಾರು 8.47 ಲಕ್ಷ. ಇದನ್ನ ಊರವರಿಗೆ ಮೊದಲ ಬಿಡಿಸಿ ಹೇಳ್ರಿ, ಇಲ್ಲಂದ್ರ ಕೆಲಸ ಮುಗದ ಮ್ಯಾಲ "ಒಂದೂವರಿ ಲಕ್ಷ ಎಲ್ಲಿ ಹೋತು" ಅಂತ ಊರು ಎರಡು ಪಾರ್ಟಿ ಆಗ್ತೈತಿ, ಪಾಪ ಓಡಾಡಿದವರ ಹೆಸರು ಕೆಡ್ತೈತಿ.

ಯಾವ ಕೆಲಸಕ್ಕ ಯಾರ ಬಾಗಲಾ

ಸಣ್ಣ ಕೆಲಸ ಇದ್ರ ಪಂಚಾಯ್ತಿ ರೊಕ್ಕದಾಗನ ಆಗ್ತೈತಿ. 15ನೇ ಹಣಕಾಸು ಆಯೋಗದ ಅನುದಾನ 2021ರಿಂದ 2026ರ ಮಾರ್ಚ್‌ತನಾ ಲೆಕ್ಕ ಇತ್ತು, ಅದರಾಗ 60% ಕಟ್ಟಿಹಾಕಿದ ರೊಕ್ಕ (ಹೇಳಿದ ಕೆಲಸಕ್ಕ ಅಷ್ಟ ಬಳಸೂದು), ಅರ್ಧ ಸ್ವಚ್ಛತಾಕ್ಕ, ಅರ್ಧ ಕುಡಿಯೋ ನೀರು, ಮಳೆನೀರು ಕೊಯ್ಲಿಗೆ. ಬಾಕಿ 40% ಊರಿನ ಅಗತ್ಯ ನೋಡಿ ಬಳಸಬಹುದಿತ್ತು, ಆದ್ರ ಪಗಾರಕ್ಕ, ಆಫೀಸ್ ಖರ್ಚಿಗೆ ಬಳಸಂಗಿರಲಿಲ್ಲ. 2026ರ ಏಪ್ರಿಲ್‌ದಿಂದ 16ನೇ ಆಯೋಗದ ಅವಧಿ, ಹಂಗಾಗಿ ನಿಮ್ಮ ಪಂಚಾಯ್ತಿಗೆ ಈ ವರ್ಷ ಯಾವ ಬಾಬತ್ತಿಗೆ ಎಷ್ಟು ಬಂದೈತಿ ಅಂತ ಗ್ರಾಮಸಭೆಯೊಳಗ ನೇರ ಕೇಳ್ರಿ, ಕೇಳೋದು ನಿಮ್ಮ ಹಕ್ಕು. ಗಟಾರ, ಇಂಗುಗುಂಡಿ, ಕುಡಿಯೋ ನೀರಿನ ಪೈಪು ಇಂಥಾ ಕೆಲಸ ಹಿಡ್ಕೊಂಡು ಶಾಸಕರ ಮನಿಗೆ ಹೋಗೂದು ದಂಡ, ಅದು ನಿಮ್ಮ ಪಂಚಾಯ್ತಿಯೊಳಗನ ಕುಂತೈತಿ.

ಸ್ವಲ್ಪ ದೊಡ್ಡ ಕೆಲಸ, ಸಮುದಾಯ ಭವನ, ಶಾಲೆ ಕೋಣೆ, ಬಸ್ ಸ್ಟ್ಯಾಂಡ್ ಶೆಲ್ಟರ್, ಅರಿವು ಕೇಂದ್ರದ (ಪಂಚಾಯ್ತಿ ಗ್ರಂಥಾಲಯ) ಕಟ್ಟಡ, ಇವಕ್ಕ ಶಾಸಕರ ಮತ್ತ ಸಂಸದರ ನಿಧಿ. ಶಾಸಕರಿಗೆ ವರ್ಷಕ್ಕ 2 ಕೋಟಿ, ವಿಧಾನ ಪರಿಷತ್ ಸದಸ್ಯರಿಗೂ ಅಷ್ಟ. ಸಂಸದರಿಗೆ 5 ಕೋಟಿ. ಇದು ಕೇಳಾಕ ಭಾಳ ಅನಸ್ತೈತಿ, ಒಂದು ವಿಧಾನಸಭಾ ಕ್ಷೇತ್ರದಾಗ ಎಷ್ಟು ಊರು ಅದಾವ ಅಂತ ನೋಡಿದ್ರ ಒಂದೊಂದು ಊರಿನ ಪಾಲಿಗೆ ಭಾಳ ಬರೂದಿಲ್ಲ, ಅದಕ್ಕ 50 ಲಕ್ಷದ ಭವನ ಕೇಳೂಕಿಂತ 10 ಲಕ್ಷದ ಕೆಲಸ ಕೇಳಿದವರಿಗೆ ಬೇಗ ಸಿಗ್ತೈತಿ ಅನ್ನೂದು ನನ್ನ ಅಭಿಪ್ರಾಯ.

ಇಲ್ಲಿ ಯಾರ ಕಡೆ ಹೋಗಬೇಕು ಅನ್ನೂದು ಚೆಂದಂಗ ನೋಡ್ಕೊಳ್ರಿ. ಖಾನಾಪುರ ಮತ್ತ ಕಿತ್ತೂರು ವಿಧಾನಸಭಾ ಕ್ಷೇತ್ರ ಬೆಳಗಾವಿ ಜಿಲ್ಲೆಯೊಳಗಿದ್ರೂ ಲೋಕಸಭೆಗೆ ಉತ್ತರ ಕನ್ನಡಕ್ಕ ಸೇರ್ತಾವ, ಬೆಳಗಾವಿ ಸಂಸದರ ಆಫೀಸಿಗೆ ಅರ್ಜಿ ಕೊಟ್ರ ಅವರ ಕಡೆ ಆಗೂದಲ್ಲ. ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗ, ಹುಕ್ಕೇರಿ ಕಡೆಯವರಿಗೆ ಚಿಕ್ಕೋಡಿ. ಪರಿಷತ್ತಿಗೆ ಸ್ಥಳೀಯ ಸಂಸ್ಥೆ ಕ್ಷೇತ್ರದಾಗ ವಿಜಯಪುರ ಬಾಗಲಕೋಟಿ ಕೂಡಿ ಒಂದು, ಬೆಳಗಾವಿ ಒಂದು. ಪದವೀಧರ, ಶಿಕ್ಷಕರ ವಾಯವ್ಯ ಕ್ಷೇತ್ರ ಮೂರೂ ಜಿಲ್ಲೆಗೆ ಕೂಡಿ. ರಾಜ್ಯಸಭಾ ಸದಸ್ಯರು ರಾಜ್ಯದಾಗ ಎಲ್ಲಿ ಬೇಕಾದ್ರೂ ಶಿಫಾರಸು ಮಾಡಬಹುದು. ಭಾಳ ಊರವರು ಒಬ್ಬ ಶಾಸಕರ ಮನಿ ಬಾಗಲಾ ಅಷ್ಟ ಬಡೀತಾರ, ಪರಿಷತ್ ಸದಸ್ಯರ ಕಡೆ ಯಾರೂ ಹೋಗೂದ ಇಲ್ಲ.

ಇನ್ನೊಂದು, ಈ ನಿಧಿ ರೊಕ್ಕ ಜನಪ್ರತಿನಿಧಿ ಕಿಸೆಯಾಗ ಇರೂದಿಲ್ಲ, ನಿಮ್ಮ ಸಂಘದ ಖಾತೆಗೂ ಬರೂದಿಲ್ಲ. ಅವರು ಶಿಫಾರಸು ಪತ್ರ ಕೊಡ್ತಾರ, ಮಂಜೂರಿ ಕೊಡೋರು ಡಿಸಿ, ಕೆಲಸ ಮಾಡೋರು ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ, ನಿರ್ಮಿತಿ ಕೇಂದ್ರ ಇಲ್ಲಾ ಲ್ಯಾಂಡ್ ಆರ್ಮಿ (ಈಗಿನ ಕೆಆರ್‌ಐಡಿಎಲ್). ಹಂಗಾಗಿ ಶಿಫಾರಸು ಪತ್ರ ಸಿಕ್ಕಿಂದ ಕೆಲಸ ಆತು ಅಂತ ಕುಂದರಬ್ಯಾಡ್ರಿ, ಪತ್ರದ ನಂಬರ, ತಾರೀಖು ಬರಕೊಂಡು ಡಿಸಿ ಆಫೀಸಿನ್ಯಾಗ ಅದು ಯಾವ ಟೇಬಲ್ಲಿಗೆ ಬಂತು ಕೇಳ್ತಾ ಇರ್ರಿ. ಮತ್ತ ಸಂಸದರ ನಿಧಿಯಿಂದ ಗುಡಿ, ಮಸೀದಿ, ಮಠದ ಆವರಣದಾಗ ಕೆಲಸ ಮಾಡಾಕ ಬರೂದಿಲ್ಲ, ಜಾಗಾ ಖರೀದಿಗೂ ಬರೂದಿಲ್ಲ. ನಮ್ಮ ಕಡೆ ಸಮುದಾಯ ಭವನ ಅಂದ್ರ ಗುಡಿ ಬಾಜೂಕನ ಅನ್ನೋ ರೂಢಿ ಐತಿ, ಆ ಜಾಗಾ ಗುಡಿ ಟ್ರಸ್ಟಿನ ಹೆಸರ್ಲೆ ಇದ್ರ ಫೈಲ್ ಅಲ್ಲೇ ನಿಲ್ತೈತಿ. ಎಸ್‌ಸಿ ವಸತಿಗೆ ಕನಿಷ್ಠ 15%, ಎಸ್‌ಟಿ ವಸತಿಗೆ 7.5% ಸಂಸದರ ನಿಧಿಯೊಳಗ ಕಡ್ಡಾಯ ಐತಿ, ನಿಮ್ಮ ಕೇರಿ ಆ ಪೈಕಿ ಇದ್ರ ಅರ್ಜಿಯೊಳಗ ಅದನ್ನ ಮೊದಲ ಸಾಲಿನ್ಯಾಗ ಬರೀರಿ.

ಮಹಾರಾಷ್ಟ್ರ ಗಡಿ ಹಚ್ಚಿ ಇರೋ ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ, ಅಥಣಿ, ಖಾನಾಪುರ, ಇಂಡಿ, ಚಡಚಣ ಕಡೆಯವರಿಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂತ ಐತಿ. ಗಡಿ ಊರಿನ ಕನ್ನಡ ಶಾಲೆ ಕಟ್ಟಡ, ವಾಚನಾಲಯ, ಕನ್ನಡ ಭವನ, ರಂಗಮಂದಿರ ಇಂಥಾವಕ್ಕ ಅನುದಾನ ಕೊಡ್ತಾರ. ಇಲ್ಲಿ ನೋಂದಣಿ ಆದ ಸಂಘ ಸಂಸ್ಥೆಗೂ ಅವಕಾಶ ಇರೂದ್ರಿಂದ ಸಂಘದ ರಿನೀವಲ್, ವರ್ಷಾ ವರ್ಷಾ ಆಡಿಟ್ ವರದಿ ಬಾಕಿ ಇರಬಾರದು. ಎಷ್ಟೋ ಯುವಕ ಸಂಘ ಗಣಪತಿ ಕೂಡ್ಸಾಕ ಹುಟ್ಟಿ, ರಜಿಸ್ಟರ್ ಆಗಿ, ಆಮ್ಯಾಲ ಆಡಿಟ್ ಮಾಡಸದ ಬಿಟ್ಟಿರ್ತಾವ. ಒಬ್ಬ ಆಡಿಟರ್‌ನ್ನ ಹಿಡ್ದು ಹಳೇದೆಲ್ಲಾ ಸರಿ ಮಾಡಿಸ್ಕೊಳ್ರಿ, ಅದ ನಿಮ್ಮ ಸಂಘದ ಪತ್ತು.

ಧಂದೆ, ಉದ್ಯೋಗಕ್ಕ ರೊಕ್ಕ

ರಸ್ತೆ, ಭವನ ಬ್ಯಾರೆ, ಊರಾಗ ನಾಕು ಮಂದಿ ಕೈಯಾಗ ರೊಕ್ಕ ಓಡಾಡಂಗ ಮಾಡೂದು ಬ್ಯಾರೆ. ನಂಗ ಕೇಳಿದ್ರ ಎರಡನೇದಕ್ಕ ನಾವು ಇನ್ನೂ ಜಾಸ್ತಿ ಓಡಾಡಬೇಕು, ಯಾಕಂದ್ರ ನಮ್ಮ ಹುಡುಗರು ಪುಣೆ, ಗೋವಾ, ಬೆಂಗಳೂರು ಅಂತ ಊರು ಬಿಡೂದು ಗಟಾರ ಇಲ್ಲಂತ ಅಲ್ಲ.

ಪಿಎಂಎಫ್‌ಎಂಇ ಅಂತ ಒಂದು ಯೋಜನೆ 2020ರಿಂದ ಐತಿ, ಸಣ್ಣ ಆಹಾರ ಸಂಸ್ಕರಣಾ ಘಟಕಕ್ಕ. ಇದರಾಗ ಜಿಲ್ಲೆಗೊಂದು ಉತ್ಪನ್ನ ಅಂತ ಬೆಳಗಾವಿಗೆ ಬೆಲ್ಲ, ಬಾಗಲಕೋಟಿಗೆ ಉಳ್ಳಾಗಡ್ಡಿ, ವಿಜಯಪುರಕ್ಕ ಲಿಂಬಿ ಹಣ್ಣು ಆರಿಸ್ಯಾರ. ಕೇಂದ್ರದ್ದು ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷ ಸಬ್ಸಿಡಿ, ನಮ್ಮ ರಾಜ್ಯ ಸರ್ಕಾರ ಅದಕ್ಕ ಇನ್ನೂ 15% ಸೇರಿಸಿ ಒಟ್ಟು 50%, 15 ಲಕ್ಷದತನಾ ಮಾಡೈತಿ, ರಾಜ್ಯದಾಗ ಇದನ್ನ ನೋಡ್ಕೊಳ್ಳೋದು ಕೆಪೆಕ್, ಅಂದ್ರ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತ ರಫ್ತು ನಿಗಮ. ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ, ಕರದಂಟು ಮಾಡೋರಿಗೂ ಬರ್ತೈತಿ. ಇಂಡಿ ಲಿಂಬಿಗೆ 2023ರಾಗ ಜಿಐ ಟ್ಯಾಗ್ ಸಿಕ್ಕೈತಿ, ಲಿಂಬೆ ಅಭಿವೃದ್ಧಿ ಮಂಡಳಿನೂ ಇಂಡಿಯೊಳಗ ಐತಿ, ಆದ್ರೂ ಸೀಜನ್ನಿನ್ಯಾಗ ರೇಟ್ ಬಿದ್ದಾಗ ಹಣ್ಣು ಗಿಡದ ಬುಡಕ್ಕ ಕೊಳೀತಾವ. ಅದ ಹಣ್ಣು ಉಪ್ಪಿನಕಾಯಿ ಆಗಿ, ರಸ ಆಗಿ ಬಾಟ್ಲಿ ತುಂಬಿದ್ರ ಇಂಡಿ ಹೆಸರಿನ್ಯಾಗ ಮಾರಾಕ ಬರ್ತೈತಿ. ಇಂಥಾ ಕಡೆ ಈ ಯೋಜನೆ ಬಿಡಬಾರದು.

ಜಿಲ್ಲೆಯೊಳಗ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರ, ಪ್ರಾಜೆಕ್ಟ್ ರಿಪೋರ್ಟ್, ಪೋರ್ಟಲ್ ಅರ್ಜಿ, ಬ್ಯಾಂಕ್ ಕೆಲಸ ಎಲ್ಲಾ ಅವರು ಮಾಡಿಕೊಡ್ತಾರ, ಅವರಿಗೆ ರೊಕ್ಕ ಯೋಜನೆಯಿಂದನ ಬರ್ತೈತಿ, ನೀವು ಕೊಡಾಕಬೇಕಿಲ್ಲ. "ಪರ್ಸೆಂಟೇಜ್ ಕೊಡ್ರಿ, ಸಬ್ಸಿಡಿ ಮಾಡಿಸ್ತೀನಿ" ಅಂತ ಬರೋ ಏಜೆಂಟರನ್ನ ಮನಿ ಒಳಗ ಕರೀಬ್ಯಾಡ್ರಿ. ಜಿಲ್ಲಾ ಕೃಷಿ ಜಂಟಿ ನಿರ್ದೇಶಕರ ಆಫೀಸಿಗೆ ಹೋಗಿ ಹೆಸರು ಕೇಳ್ರಿ. ಮಹಿಳಾ ಸಂಘದ ಸದಸ್ಯರು ಈ ಕೆಲಸ ಮಾಡ್ತಿದ್ರ ತಲಿಗೆ 40 ಸಾವಿರದತನಾ ಬೀಜ ಬಂಡವಾಳ ಒಕ್ಕೂಟದ ಮೂಲಕ ಸಿಗ್ತೈತಿ, ಅದಕ್ಕ ನಿಮ್ಮ ಪಂಚಾಯ್ತಿ ಮಟ್ಟದ ಸಂಜೀವಿನಿ ಒಕ್ಕೂಟದ (ಮಹಿಳಾ ಸಂಘಗಳ ಒಕ್ಕೂಟ) ಎಂಬಿಕೆ, ಅಂದ್ರ ಲೆಕ್ಕದ ಪುಸ್ತಕ ಬರಿಯೋ ಅಕ್ಕನ್ನ ಮೊದಲ ಕಾಣ್ರಿ, ಸಂಘದ ಪುಸ್ತಕ ಬರದಿದ್ದು ಸರಿ ಇದ್ರ ಅರ್ಧ ಕೆಲಸ ಅಲ್ಲೇ ಮುಗೀತೈತಿ.

ತಿನ್ನೋದು ಬಿಟ್ಟು ಬ್ಯಾರೆ ಧಂದೆ, ಅಂದ್ರ ಇಳಕಲ್ ಸೀರಿ ಮಗ್ಗ, ಗುಳೇದಗುಡ್ಡದ ಖಣ, ವೆಲ್ಡಿಂಗ್, ಟೇಲರಿಂಗ್ ಹಿಂಗಿದ್ರ ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) ನೋಡ್ರಿ. ಉತ್ಪಾದನಾ ಘಟಕಕ್ಕ 50 ಲಕ್ಷ, ಸೇವಾ ಘಟಕಕ್ಕ 20 ಲಕ್ಷದತನಾ ಪ್ರಾಜೆಕ್ಟ್. ಹಳ್ಳಿಯೊಳಗ ಸಾಮಾನ್ಯ ವರ್ಗಕ್ಕ 25% ಸಬ್ಸಿಡಿ, ಹೆಣ್ಮಕ್ಕಳು, ಎಸ್‌ಸಿ, ಎಸ್‌ಟಿ, ಹಿಂದುಳಿದವರು, ಅಲ್ಪಸಂಖ್ಯಾತರಿಗೆ 35%, ಸ್ವಂತ ಪಾಲು 10% ಇಲ್ಲಾ 5%. ಆದ್ರ ತಿಳ್ಕೊಳ್ರಿ, ಆ ಸಬ್ಸಿಡಿ ಕೈಗೆ ಬರೋ ರೊಕ್ಕಲ್ಲ, ಬ್ಯಾಂಕಿನ್ಯಾಗ ನಿಮ್ಮ ಸಾಲದ ಹೆಸರ್ಲೆ ಮೂರು ವರ್ಷ ಠೇವಣಿ ಇರ್ತೈತಿ, ಘಟಕ ಅಷ್ಟು ದಿನ ನಡದೈತಿ ಅಂತ ತಪಾಸಣೆ ಆದ ಮ್ಯಾಲ ಸಾಲಕ್ಕ ಜಮಾ ಆಗ್ತೈತಿ. ಸಬ್ಸಿಡಿ ಸಲುವಾಗಿ ಸಾಲ ತಗೊಂಡು ಮಷಿನ್ ಮಾರಿದವರು ಮೂರು ವರ್ಷಕ್ಕ ಪೂರ್ತಿ ಸಾಲ ತಲಿ ಮ್ಯಾಲ ಹೊತ್ಕೊಂಡು ಸಿಬಿಲ್ ಕೆಡಿಸ್ಕೊಂಡು ಕುಂತಾರ, ಆ ದಾರಿಗೆ ಹೋಗಬ್ಯಾಡ್ರಿ.

ಗೋಡೌನ್, ಕೋಲ್ಡ್ ಸ್ಟೋರೇಜ್, ಉಳ್ಳಾಗಡ್ಡಿ ಶೇಖರಣಾ ಶೆಡ್ ಅಂತಿದ್ರ ಕೃಷಿ ಮೂಲಸೌಕರ್ಯ ನಿಧಿ ಐತಿ, 2 ಕೋಟಿತನಾ ಸಾಲಕ್ಕ 7 ವರ್ಷ 3% ಬಡ್ಡಿ ರಿಯಾಯ್ತಿ. ನಿಮ್ಮೂರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ, ರೈತ ಉತ್ಪಾದಕ ಕಂಪನಿ, ಒಬ್ಬ ರೈತ, ಯಾರ ಬೇಕಾದ್ರೂ ಹಾಕಬಹುದು. ಒಂದ ಘಟಕಕ್ಕ ಒಂದಕ್ಕಿಂತ ಜಾಸ್ತಿ ಯೋಜನೆ ಕೂಡಿಸಾಕ ಬರ್ತೈತೋ ಇಲ್ಲೋ ಅಂತ ಬ್ಯಾಂಕ್ ಮ್ಯಾನೇಜರ್ ಕಡೆ ಅರ್ಜಿಗಿಂತ ಮೊದಲ ಕೇಳ್ರಿ.

ಮಂಜೂರಾದ ಮ್ಯಾಲ

ಆಡಳಿತಾತ್ಮಕ ಮಂಜೂರಿ ಮತ್ತ ತಾಂತ್ರಿಕ ಮಂಜೂರಿ ಎರಡೂ ಆದ ಮ್ಯಾಲನ ವರ್ಕ್ ಆರ್ಡರ್. ಅದರ ನಕಲು ಒಂದು ಇಸ್ಕೊಳ್ರಿ. ಗುತ್ತಿಗೆದಾರ ಬಂದ ದಿನ ಎಸ್ಟಿಮೇಟ್ ಕೈಯಾಗ ಹಿಡ್ಕೊಂಡು ಊರಿನ ಒಬ್ಬ ಗೌಂಡಿನ್ನ ಜೋಡಿ ಕರ್ಕೊಂಡು ಜಾಗಾಕ್ಕ ಹೋಗ್ರಿ, ಅವನಿಗೆ ಬೆಡ್ ಕಾಂಕ್ರೀಟ್ ಎಷ್ಟು ಇಂಚ್ ಬಿದ್ದೈತಿ ನೋಡಿದ ಕೂಡ್ಲೇ ಗೊತ್ತಾಗ್ತೈತಿ. ಬುನಾದಿ ಮುಚ್ಚೂಕಿಂತ ಮೊದಲ ಫೋಟೋ ತಗೀರಿ, ತಾರೀಖು, ಜಾಗಾ ಬರೋ ಜಿಪಿಎಸ್ ಕ್ಯಾಮೆರಾ ಆ್ಯಪ್‌ನ್ಯಾಗ. ಮುಚ್ಚಿದ ಮ್ಯಾಲ ಯಾರು ಏನು ಹೇಳಿದ್ರೂ ಸಾಬೀತು ಮಾಡಾಕ ಆಗೂದಿಲ್ಲ. ತಪ್ಪು ಕಂಡ್ರ ಗುತ್ತಿಗೆದಾರನ ಜೋಡಿ ಜಗಳಕ್ಕ ಬೀಳಬ್ಯಾಡ್ರಿ, ಜೆಇಗೆ ಫೋಟೋ ಕಳಸ್ರಿ, ಪಿಡಿಒಗೆ ಬರವಣಿಗೆಯೊಳಗ ಕೊಟ್ಟು ಸ್ವೀಕೃತಿ ಸಹಿ ತಗೊಳ್ರಿ.

ಮಾಹಿತಿ ಕೊಡೂದಿಲ್ಲ ಅಂದ್ರ ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಶುಲ್ಕ, 30 ದಿನದಾಗ ಉತ್ತರ ಕೊಡಬೇಕು, ಪಂಚಾಯ್ತಿಗೆ ಮಾಹಿತಿ ಅಧಿಕಾರಿ ಪಿಡಿಒನ. "ಎಲ್ಲಾ ಕಾಮಗಾರಿ ಎಲ್ಲಾ ದಾಖಲೆ ಕೊಡ್ರಿ" ಅಂತ ಕೇಳಿದ್ರ ಸಿಗೂದು ತಡ ಆಗ್ತೈತಿ, ಒಂದು ಕಾಮಗಾರಿ ಹೆಸರು ಬರದು ಅದರ ಎಸ್ಟಿಮೇಟ್, ವರ್ಕ್ ಆರ್ಡರ್, ಅಳತಿ ಪುಸ್ತಕದ ಪುಟ, ಬಿಲ್ ಪಾವತಿ ವಿವರ, ಇಷ್ಟ ಕೇಳ್ರಿ. ಮೊದಲ ಹೋಗಿ ಬಾಯಿಲೆ ಕೇಳ್ರಿ, ಸೌಜನ್ಯದಿಂದ ಕೇಳಿದ್ರ ಭಾಳ ಪಿಡಿಒಗಳು ಫೈಲ್ ತಗದು ತೋರಸ್ತಾರ, ಅವರೂ ಮನಷ್ಯಾರ, ಅವರಿಗೂ ಊರು ಸುಧಾರಿಸಿದ್ರ ಹೆಸರು.

ಕಟ್ಟಡ ಇದ್ರ ಇನ್ನೊಂದು ಠರಾವು ಬೇಕು, ಕೆಲಸ ಮುಗ್ಯೂಕಿಂತ ಮೊದಲನ. ಕೀಲಿ ಯಾರ ಕಡೆ ಇರ್ತೈತಿ, ಹೆಸ್ಕಾಂ ಮೀಟರ್ ಯಾರ ಹೆಸರ್ಲೆ, ಬಿಲ್ ಯಾರು ತುಂಬಬೇಕು, ಮದವಿಗೆ ಕೊಟ್ರ ಬಾಡಿಗಿ ಎಷ್ಟು, ಆ ಬಾಡಿಗಿ ಯಾವ ಖಾತೆಗೆ, ಶೆಡ್ ಇದ್ರ ಯಾವ ಸಂಘಕ್ಕ ಎಷ್ಟು ವರ್ಷಕ್ಕ. ಇದು ಬರದಿಡದ ಎಷ್ಟೋ ಭವನ ಉದ್ಘಾಟನೆ ಆದ ಮ್ಯಾಲ ಗೊಬ್ಬರದ ಚೀಲ, ಕಣಕಿ ಒಟ್ಟಾಕ ಆಗ್ಯಾವ. ಬಾಡಿಗಿ ಜಮಾ ಆಗಾಕ ಬ್ಯಾರೆ ಖಾತೆ ತಗದು, ಇಬ್ಬರ ಜಂಟಿ ಸಹಿ ಇಟ್ಟು, ಅದರಾಗ ಒಬ್ಬರು ಮಹಿಳಾ ಸಂಘದವರು ಇರಬೇಕು ಅಂತ ಠರಾವಿನ್ಯಾಗನ ಬರಸ್ರಿ, ವರ್ಷಕ್ಕೊಮ್ಮೆ ಗ್ರಾಮಸಭೆಯೊಳಗ ಲೆಕ್ಕ ಓದಬೇಕು ಅನ್ನೂದನ್ನೂ ಸೇರಸ್ರಿ.